ಡಿಲೀಟ್ ಮಾಡಿದ ಫೋಟೊದ ಥಂಬ್‌ನೇಲ್: ಅದರ ಮೇಲಿನ ಸಮಯವನ್ನು ಎಷ್ಟು ನಂಬಬಹುದು?

"ಫೋಟೊ ಡಿಲೀಟ್ ಮಾಡಿದರೂ ಅದರ ಪುಟ್ಟ ಚಿತ್ರ ಫೋನಿನಲ್ಲೇ ಉಳಿದಿರುತ್ತೆ. ಪೊಲೀಸರು ಅದರ ಟೈಮ್ ನೋಡಿ, ನೀವು ಆ ಫೋಟೊವನ್ನು ಯಾವ ದಿನ, ಎಷ್ಟು ಗಂಟೆಗೆ ನೋಡಿದ್ರಿ ಅಂತ ಹೇಳಿಬಿಡ್ತಾರೆ. ಎಚ್ಚರ!" ಈ ಅರ್ಥದ ಮೆಸೇಜು ನಿಮ್ಮ ಗ್ರೂಪಿಗೂ ಬಂದಿರಬಹುದು. ಇದರ ಮೊದಲ ವಾಕ್ಯ ಬಹುಪಾಲು ನಿಜ. ಎರಡನೆಯದು ಹಾಗಲ್ಲ. ಆ ಎರಡನೆಯ ವಾಕ್ಯವನ್ನು ಪೂರ್ತಿ ನಂಬಿದರೆ ತಪ್ಪು ಮಾಡದವರು ಸಿಕ್ಕಿಬೀಳಬಹುದು, ಮಾಡಿದವರು ನುಣುಚಿಕೊಳ್ಳಬಹುದು. ಹಾಗಾಗಿ ಇದನ್ನು ಸ್ವಲ್ಪ ಬಿಡಿಸಿ ನೋಡೋಣ.

ಕೋರ್ಟು, ಪೊಲೀಸು ಅಂತ ಹೋಗುವ ಮೊದಲು ನಮ್ಮ ತಂಡದ ಒಬ್ಬರ ಮನೆಯಲ್ಲಿ ನಡೆದದ್ದನ್ನು ಹೇಳುತ್ತೇವೆ. ಅವರ ದೊಡ್ಡಮ್ಮನ ಮಗ ಹೊಸ ಫೋನು ತೆಗೆದುಕೊಂಡು, ಹಳೆಯ ಫೋನಿನ ಫೋಟೊಗಳನ್ನೆಲ್ಲ ಕೇಬಲ್ ಹಾಕಿ ಕಂಪ್ಯೂಟರ್ ಮೂಲಕ ಹೊಸದಕ್ಕೆ ತುಂಬಿಸಿದ. ಮರುದಿನ ದೊಡ್ಡಮ್ಮ ಗ್ಯಾಲರಿ ನೋಡುತ್ತಾ ಕೂತಿದ್ದಾಗ ಒಂದು ಫೋಟೊ ಸಿಕ್ಕಿತು. ಕಾಲೇಜು ಟ್ರಿಪ್ಪಿನಲ್ಲಿ ಗೆಳೆಯರ ಜೊತೆ ಸಿಗರೇಟು ಹಿಡಿದು ನಿಂತಿದ್ದ ಮಗ. ಅದರ ಡೀಟೇಲ್ಸ್ ತೆರೆದರೆ "ನಿನ್ನೆ, ರಾತ್ರಿ 11:40".

"ನಿನ್ನೆ ರಾತ್ರಿ ಎಲ್ಲಿಗೆ ಹೋಗಿದ್ಯೋ?"

"ಅಮ್ಮಾ, ಅದು ಮೂರು ವರ್ಷದ ಹಿಂದಿನ ಫೋಟೊ. ವಾಟ್ಸಾಪಲ್ಲಿ ಬಂದಿದ್ದು."

"ನೀನು ಸುಳ್ಳು ಹೇಳಬಹುದು ಕಣೋ, ಮೊಬೈಲು ಸುಳ್ಳು ಹೇಳುತ್ತಾ?"

ಮೊಬೈಲು ಸುಳ್ಳು ಹೇಳಿರಲಿಲ್ಲ. ದೊಡ್ಡಮ್ಮ ಕೇಳಿದ ಪ್ರಶ್ನೆಯೇ ಬೇರೆ, ಮೊಬೈಲು ಕೊಟ್ಟ ಉತ್ತರವೇ ಬೇರೆ. ಫೋಟೊ ತೆಗೆದದ್ದು ಯಾವಾಗ ಎಂದು ಅವರು ಕೇಳಿದ್ದರು. ಈ ಫೈಲು ನನ್ನೊಳಗೆ ಬಂದು ಬಿದ್ದದ್ದು ಯಾವಾಗ ಎಂದು ಅದು ಹೇಳಿತ್ತು. ವಾಟ್ಸಾಪಿನಲ್ಲಿ ಮಾಮೂಲಿಯಾಗಿ ಕಳಿಸಿದ ಫೋಟೊದಿಂದ, ತೆಗೆದ ದಿನಾಂಕ ಮತ್ತು ಜಾಗದ ಮಾಹಿತಿ ಉದುರಿಹೋಗುತ್ತದೆ. ಆಮೇಲೆ ಉಳಿಯುವುದು ಫೈಲಿನ ಸಮಯ ಮಾತ್ರ, ಅದೂ ಕಾಪಿ ಮಾಡುವಾಗ ಬದಲಾಗಬಹುದು. ಮನೆಯಲ್ಲಿ ಇದು ಒಂದು ದಿನದ ಜಗಳದಲ್ಲಿ ಮುಗಿಯಿತು. ಇದೇ ಗೊಂದಲ ತನಿಖೆಯ ವರದಿಯಲ್ಲಿ ನುಸುಳಿದರೆ ಅಷ್ಟು ಸುಲಭಕ್ಕೆ ಮುಗಿಯುವುದಿಲ್ಲ.

ಥಂಬ್‌ನೇಲ್ ಯಾಕೆ ಹುಟ್ಟುತ್ತದೆ?

ಥಂಬ್‌ನೇಲ್ ಅಂದರೆ ಹೆಬ್ಬೆರಳಿನ ಉಗುರು. ಉಗುರಿನಷ್ಟು ಚಿಕ್ಕ ಚಿತ್ರ ಎಂಬ ಅರ್ಥದಲ್ಲಿ ಆ ಹೆಸರು ಬಂತು. ನಿಮ್ಮ ಗ್ಯಾಲರಿಯಲ್ಲಿ ಸಾವಿರಾರು ಫೋಟೊ ಇರುತ್ತವೆ, ಒಂದೊಂದೂ ಹಲವು ಎಂಬಿ. ನೀವು ಬೆರಳಾಡಿಸಿದಾಗೆಲ್ಲ ಫೋನು ಪೂರ್ತಿ ಫೋಟೊ ತೆರೆದು, ಚಿಕ್ಕದು ಮಾಡಿ ತೋರಿಸುತ್ತಾ ಕೂತರೆ ಗ್ಯಾಲರಿ ತಡವರಿಸುತ್ತದೆ, ಬ್ಯಾಟರಿಯೂ ಖಾಲಿಯಾಗುತ್ತದೆ. ಅದಕ್ಕೇ ಒಮ್ಮೆ ಚಿಕ್ಕ ಪ್ರತಿ ಮಾಡಿ ಪಕ್ಕಕ್ಕಿಟ್ಟುಕೊಳ್ಳುತ್ತದೆ. ಮುಂದಿನ ಸಲ ಅದನ್ನೇ ತೋರಿಸುತ್ತದೆ. ಹೀಗೆ ಕೂಡಿಟ್ಟುಕೊಂಡ ರಾಶಿಯೇ ಥಂಬ್‌ನೇಲ್ ಕ್ಯಾಶ್. ಹೋಟೆಲಿನಲ್ಲಿ ಬೆಳಿಗ್ಗೆಯೇ ಚಟ್ನಿ ರುಬ್ಬಿ ಪಾತ್ರೆ ತುಂಬಿಸಿ ಇಟ್ಟಹಾಗೆ.

ಈ ಕ್ಯಾಶ್ ಅನ್ನು ಮಾಡಿದ್ದು ವೇಗಕ್ಕಾಗಿ, ಸಾಕ್ಷಿ ಹೇಳಲಿ ಎಂದಲ್ಲ. ಇದೊಂದನ್ನು ನೆನಪಿಟ್ಟುಕೊಂಡರೆ ಮುಂದಿನದೆಲ್ಲ ಸಲೀಸಾಗಿ ಅರ್ಥವಾಗುತ್ತದೆ. ಮೂಲ ಫೋಟೊ ಅಳಿಸಿದಾಗ ಚಿಕ್ಕ ಪ್ರತಿಯನ್ನೂ ಹುಡುಕಿ ಅಳಿಸುವುದು ಹೆಚ್ಚಿನ ಕೆಲಸ. ಹಲವು ವ್ಯವಸ್ಥೆಗಳು ಅದನ್ನು ತಕ್ಷಣ ಮಾಡುವುದಿಲ್ಲ, ಕೆಲವು ಮಾಡುವುದೇ ಇಲ್ಲ. ಹಾಗಾಗಿಯೇ ಅಳಿಸಿದ ಫೋಟೊದ ನೆರಳು ಉಳಿದುಕೊಳ್ಳುವುದು, ಹಾಗಾಗಿಯೇ ಡಿಜಿಟಲ್ ಫೊರೆನ್ಸಿಕ್ ಪರಿಣತರಿಗೆ ಇದು ಪ್ರಿಯವಾದ ಜಾಗ.

ಒಂದೇ 'ಸಮಯ', ಹಲವು ಅರ್ಥ

ಇನ್ನು ಸಮಯದ ವಿಚಾರ. ಥಂಬ್‌ನೇಲ್ ಪಕ್ಕದಲ್ಲಿ ಒಂದು ದಿನಾಂಕ ಕಂಡರೆ ಅದು ಏನಿರಬಹುದು? ಫೋಟೊ ತೆಗೆದ ಸಮಯವೇ? ಫೈಲು ಬಂದ ಸಮಯವೇ? ಚಿಕ್ಕ ಪ್ರತಿ ತಯಾರಾದ ಸಮಯವೇ? ಯಾರೋ ಅದನ್ನು ನೋಡಿದ ಸಮಯವೇ? ಇದಕ್ಕೆ ಎಲ್ಲ ಕಡೆಗೂ ಸಲ್ಲುವ ಒಂದೇ ಉತ್ತರ ಇಲ್ಲ. ವಿಂಡೋಸಿನಲ್ಲಿ ಒಂದು, ಲಿನಕ್ಸಿನಲ್ಲಿ ಇನ್ನೊಂದು, ಮ್ಯಾಕಿನಲ್ಲಿ ಮತ್ತೊಂದು.

ಹಳೆಯ ವಿಂಡೋಸ್ ಎಕ್ಸ್‌ಪಿ ಬಳಸಿದವರಿಗೆ ಥಂಬ್ಸ್ ಡಾಟ್ ಡಿಬಿ ಎಂಬ ಫೈಲು ನೆನಪಿರಬಹುದು. ಫೋಟೊಗಳಿರುವ ಪ್ರತಿ ಫೋಲ್ಡರಿನಲ್ಲೂ ಅಡಗಿ ಕೂತಿರುತ್ತಿತ್ತು. ತುಂಬ ಜನ ವೈರಸ್ ಎಂದುಕೊಂಡು ಅದನ್ನು ಅಳಿಸುತ್ತಿದ್ದರು, ಅದು ಮತ್ತೆ ಬಂದು ಕೂರುತ್ತಿತ್ತು. ಅದು ವೈರಸ್ ಅಲ್ಲ, ಆ ಫೋಲ್ಡರಿನ ಚಿತ್ರಗಳ ಥಂಬ್‌ನೇಲ್ ಡಬ್ಬಿ. ಅದರಲ್ಲಿ ಪ್ರತಿ ಚಿತ್ರದ ಫೈಲಿನ ಹೆಸರು ಮತ್ತು ಒಂದು ಸಮಯ ಇರುತ್ತದೆ. ಆ ಸಮಯ ಯಾವುದು ಅಂತೀರಿ? ಮೂಲ ಫೈಲನ್ನು ಕೊನೆಯ ಬಾರಿ ತಿದ್ದಿದ ಸಮಯ. ನೋಡಿದ್ದಲ್ಲ, ಥಂಬ್‌ನೇಲ್ ಹುಟ್ಟಿದ್ದೂ ಅಲ್ಲ. 2003ರಲ್ಲಿ ತೆಗೆದ ಫೋಟೊವನ್ನು 2008ರಲ್ಲಿ ಯಾರೋ ಸಿಡಿಯಿಂದ ಕಾಪಿ ಮಾಡಿಕೊಂಡು ನೋಡಿದರೂ ಅಲ್ಲಿ 2003 ಎಂದೇ ಬರೆದಿರುತ್ತದೆ. "ಆರೋಪಿಯು 2003ರಲ್ಲಿ ಈ ಚಿತ್ರವನ್ನು ವೀಕ್ಷಿಸಿದ್ದಾನೆ" ಎಂದು ವರದಿ ಬರೆದರೆ ಅವನ ಬಳಿ ಕಂಪ್ಯೂಟರೇ ಇಲ್ಲದ ಕಾಲಕ್ಕೆ ಅಪರಾಧ ಹೊರಿಸಿದಂತೆ ಆಗಬಹುದು.

ಕಂಪ್ಯೂಟರಿಗೆ ಮೂಲದ ಸಮಯ ಯಾಕೆ ಬೇಕು? ತನ್ನಲ್ಲಿರುವ ಚಿಕ್ಕ ಪ್ರತಿ ಹಳಸಿದೆಯೇ ಎಂದು ತಿಳಿಯಲು. ಮೂಲ ಫೈಲಿನ ಸಮಯವೂ ತಾನು ಬರೆದಿಟ್ಟುಕೊಂಡ ಸಮಯವೂ ಒಂದೇ ಆಗಿದ್ದರೆ ಪ್ರತಿ ತಾಜಾ ಇದೆ ಎಂದರ್ಥ. ಬೇರೆ ಆಗಿದ್ದರೆ ಯಾರೋ ಫೋಟೊ ಎಡಿಟ್ ಮಾಡಿದ್ದಾರೆ, ಹೊಸದಾಗಿ ಪ್ರತಿ ಮಾಡಬೇಕು. ಅಷ್ಟೇ. ಲಿನಕ್ಸ್ ಕಂಪ್ಯೂಟರುಗಳಲ್ಲೂ ಥಂಬ್‌ನೇಲ್ ಚಿತ್ರದ ಒಳಗೆ ಮೂಲ ಫೈಲಿನ ವಿಳಾಸ ಮತ್ತು ಮೂಲದ ತಿದ್ದುಪಡಿ ಸಮಯವನ್ನು ಬರೆದಿಡುತ್ತಾರೆ, ಇದೇ ಕಾರಣಕ್ಕೆ. ಆದರೆ ಅಲ್ಲಿ ಥಂಬ್‌ನೇಲ್ ಎಂಬುದು ಪ್ರತ್ಯೇಕ ಫೈಲು. ಆ ಫೈಲಿಗೆ ತನ್ನದೇ ಹುಟ್ಟಿನ ಸಮಯವೂ ಇರುತ್ತದೆ. ಅಂದರೆ ಒಂದೇ ಚಿತ್ರಕ್ಕೆ ಒಳಗೊಂದು ಸಮಯ, ಹೊರಗೊಂದು ಸಮಯ. ಯಾವುದನ್ನು ಓದುತ್ತಿದ್ದೇವೆ ಎಂದು ಗೊತ್ತಿಲ್ಲದವರು ಓದಬಾರದು.

ವಿಂಡೋಸ್ ವಿಸ್ಟಾದಿಂದ ಮೈಕ್ರೋಸಾಫ್ಟ್ ಪದ್ಧತಿ ಬದಲಿಸಿತು. ಫೋಲ್ಡರಿಗೊಂದು ಡಬ್ಬಿಯ ಬದಲು, ಕಂಪ್ಯೂಟರಿನ ಪ್ರತಿ ಬಳಕೆದಾರರ ಖಾತೆಗೂ ಒಂದೇ ಕಡೆ ದೊಡ್ಡ ಡಬ್ಬಿಗಳು. ಚಿತ್ರದ ಅಳತೆಗೆ ತಕ್ಕಂತೆ 32, 96, 256, 1024 ಹೀಗೆ ಹೆಸರಿರುವ ಥಂಬ್‌ಕ್ಯಾಶ್ ಫೈಲುಗಳು. ಇಲ್ಲಿ ಪ್ರತಿ ಚಿತ್ರಕ್ಕೂ ಹೆಸರಿಲ್ಲ, ಒಂದು ಉದ್ದನೆಯ ಗುರುತಿನ ಸಂಖ್ಯೆ ಮಾತ್ರ. ವಿಂಡೋಸ್ 7ರಿಂದ ಈಚೆಗೆ ಡಬ್ಬಿಯೊಳಗಿನ ಒಂದೊಂದು ಚಿತ್ರಕ್ಕೂ ಪ್ರತ್ಯೇಕ ಸಮಯವೂ ಇಲ್ಲ! ಸಮಯ ಇರುವುದು ಇಡೀ ಡಬ್ಬಿಗೆ. ಸಾವಿರ ಚಿತ್ರಗಳ ಡಬ್ಬಿಗೆ ಕೊನೆಯದಾಗಿ ಏನೋ ಸೇರಿದ ಸಮಯವನ್ನು, ಅದರೊಳಗಿನ ಯಾವುದೋ ಒಂದು ಚಿತ್ರದ ಸಮಯ ಎಂದು ಓದಿದರೆ, ಮದುವೆ ಆಲ್ಬಮ್ಮಿನ ರಟ್ಟಿನ ಮೇಲಿರುವ ತಾರೀಖು ನೋಡಿ ಅದರಲ್ಲಿರುವ ಅಜ್ಜನ ಬಾಲ್ಯದ ಫೋಟೊ ತೆಗೆದದ್ದೂ ಅವತ್ತೇ ಎಂದಂತೆ.

ಹಾಗೆಂದು ಇದು ನಿಷ್ಪ್ರಯೋಜಕವೂ ಅಲ್ಲ. ಆ ಗುರುತಿನ ಸಂಖ್ಯೆಯನ್ನು ವಿಂಡೋಸ್ ಮನಸ್ಸಿಗೆ ಬಂದಂತೆ ಕೊಡುವುದಿಲ್ಲ. ಡ್ರೈವಿನ ಗುರುತು, ಆ ಡ್ರೈವಿನಲ್ಲಿ ಫೈಲಿನ ಸಂಖ್ಯೆ, ಅದು ಯಾವ ಬಗೆಯ ಫೈಲು, ಕೊನೆಗೆ ತಿದ್ದಿದ ಸಮಯ ಇವನ್ನೆಲ್ಲ ಸೇರಿಸಿ ಅರೆದು ಬರುವ ಸಂಖ್ಯೆ ಅದು. ಇದರಲ್ಲೊಂದು ಚಮತ್ಕಾರ ಇದೆ. ಫೈಲನ್ನು ಎಡಿಟ್ ಮಾಡಿದರೆ ತಿದ್ದಿದ ಸಮಯ ಬದಲಾಗುತ್ತದೆ, ಆಗ ಗುರುತಿನ ಸಂಖ್ಯೆಯೂ ಬದಲಾಗುತ್ತದೆ. ಹೊಸ ಚಿಕ್ಕ ಪ್ರತಿ ಹೊಸ ಸಂಖ್ಯೆಯಲ್ಲಿ ಸೇರುತ್ತದೆ, ಹಳೆಯದು ಹಳೆಯ ಸಂಖ್ಯೆಯಲ್ಲೇ ಉಳಿದಿರಬಹುದು. ಸ್ಕ್ಯಾನ್ ಮಾಡಿದ ಪತ್ರವನ್ನು ತಿದ್ದಿ ಮೂಲವನ್ನು ಮುಚ್ಚಿಟ್ಟವರ ಕಂಪ್ಯೂಟರಿನಲ್ಲಿ ತಿದ್ದುವ ಮೊದಲಿನ ರೂಪ ಹೀಗೆ ಸಿಗುವ ಸಾಧ್ಯತೆ ಇದೆ. ಫೈಲಿನ ಹೆಸರು ಬೇಕೆಂದರೆ ಪರಿಣತರು ವಿಂಡೋಸಿನ ಹುಡುಕಾಟದ ಸೂಚಿಯಲ್ಲಿ ಅದೇ ಸಂಖ್ಯೆ ಇದೆಯೇ ಎಂದು ತಡಕುತ್ತಾರೆ. ಸಿಕ್ಕರೆ ಯಾವ ಫೈಲು, ಎಲ್ಲಿತ್ತು ಎಂಬುದೂ ಸಿಗುತ್ತದೆ.

ಮ್ಯಾಕ್ ಕಥೆ ಇನ್ನೊಂದು ಬಗೆಯದು. ಅಲ್ಲಿಯ ಕ್ವಿಕ್‌ಲುಕ್ ಎಂಬ ವ್ಯವಸ್ಥೆ ಚಿಕ್ಕ ಚಿತ್ರಗಳ ಜೊತೆಗೆ, ಕೊನೆಯ ಬಾರಿ ಆ ಚಿತ್ರವನ್ನು ಕ್ಯಾಶಿನಿಂದ ಎತ್ತಿದ್ದು ಯಾವಾಗ, ಎಷ್ಟು ಸಲ ಎಂಬುದನ್ನೂ ಬರೆದಿಡುತ್ತಿತ್ತು. 2018ರಲ್ಲಿ ಭದ್ರತಾ ಸಂಶೋಧಕರಾದ ವೊಯ್ಚೆಕ್ ರೆಗುವಾ ಮತ್ತು ಪ್ಯಾಟ್ರಿಕ್ ವಾರ್ಡಲ್ ಇದನ್ನು ಎತ್ತಿ ತೋರಿಸಿದಾಗ ಸಾಕಷ್ಟು ಗದ್ದಲವಾಯಿತು. ಪಾಸ್‌ವರ್ಡ್ ಹಾಕಿ ಬಂದೋಬಸ್ತು ಮಾಡಿದ ಡ್ರೈವಿನೊಳಗಿನ ಫೋಟೊಗಳ ಚಿಕ್ಕ ಪ್ರತಿಗಳೂ, ಬೀಗವಿಲ್ಲದ ಈ ಕ್ಯಾಶಿನಲ್ಲಿ ಬಂದು ಕೂರುತ್ತಿದ್ದವು. ತಿಜೋರಿಗೆ ಬೀಗ ಹಾಕಿ, ಒಳಗಿದ್ದ ಒಡವೆಗಳ ಫೋಟೊವನ್ನು ಜಗುಲಿಯ ಗೋಡೆಗೆ ಅಂಟಿಸಿದ ಹಾಗೆ.

ನಿಮ್ಮ ಜೇಬಿನಲ್ಲಿರುವ ಫೋನಿಗೆ ಬರೋಣ. ಹಳೆಯ ಆಂಡ್ರಾಯ್ಡ್ ಫೋನುಗಳಲ್ಲಿ ಕ್ಯಾಮೆರಾ ಫೋಲ್ಡರಿನ ಪಕ್ಕ, ಚುಕ್ಕಿಯಿಂದ ಶುರುವಾಗುವ ಹೆಸರಿನ 'ಥಂಬ್‌ನೇಲ್ಸ್' ಫೋಲ್ಡರು ಅಡಗಿರುತ್ತಿತ್ತು. ಅದು ಉಬ್ಬಿ ಮೆಮೊರಿ ತುಂಬಿಸುತ್ತಿತ್ತು ಎಂದು ಎಷ್ಟೋ ಜನ ಗೊಣಗಿದ್ದುಂಟು. ಈಗಿನ ಫೋನುಗಳಲ್ಲೂ ಇಂಥ ಫೋಲ್ಡರುಗಳಿವೆ. ಇದಲ್ಲದೆ ಗ್ಯಾಲರಿ ಆ್ಯಪ್, ಗೂಗಲ್ ಫೋಟೋಸ್, ವಾಟ್ಸಾಪ್ ತಂತಮ್ಮ ಕ್ಯಾಶ್ ಬೇರೆ ಇಟ್ಟುಕೊಳ್ಳುತ್ತವೆ. ಇಲ್ಲಿ ಥಂಬ್‌ನೇಲ್ ಫೈಲಿಗೆ ಇರುವ ಸಮಯ ಸಾಮಾನ್ಯವಾಗಿ ಅದು ತಯಾರಾದ ಸಮಯ. ಅದು ತಯಾರಾಗಲು ನೀವೇ ಬೆರಳಿಟ್ಟಿರಬೇಕಾಗಿಲ್ಲ ಎಂಬುದೇ ತೊಡಕು.

ಯಾರೂ ನೋಡದಿದ್ದರೂ ಥಂಬ್‌ನೇಲ್

ನಿಮ್ಮ ಲೇಔಟಿನ ಗ್ರೂಪಿನಲ್ಲಿ ಇನ್ನೂರು ಜನ ಇದ್ದಾರೆ ಅಂದುಕೊಳ್ಳಿ. ರಾತ್ರಿ ಎರಡು ಗಂಟೆಗೆ ಯಾರೋ ಕೆಟ್ಟ ಚಿತ್ರವೊಂದನ್ನು ಹಾಕಿದರು. ನಿಮ್ಮ ವಾಟ್ಸಾಪಿನಲ್ಲಿ ಫೋಟೊ ತಾನೇ ಡೌನ್‌ಲೋಡ್ ಆಗುವ ಸೆಟ್ಟಿಂಗ್ ಇದೆ. ನೀವು ಮಲಗಿದ್ದೀರಿ. ಫೋಟೊ ಫೋನಿಗೆ ಇಳಿಯಿತು, ಗ್ಯಾಲರಿಗೆ ಸೇರಿತು, ಫೋನಿನ ವ್ಯವಸ್ಥೆ ಅದಕ್ಕೊಂದು ಚಿಕ್ಕ ಪ್ರತಿ ಮಾಡಿಟ್ಟಿತು. ಬೆಳಿಗ್ಗೆ ಎದ್ದು ನೋಡುವಷ್ಟರಲ್ಲಿ ಅಡ್ಮಿನ್ "ಎಲ್ಲರಿಗೂ ಅಳಿಸು" ಒತ್ತಿದ್ದಾರೆ. ನೀವು ಆ ಚಿತ್ರವನ್ನು ನೋಡಿಯೇ ಇಲ್ಲ. ಆದರೆ ಥಂಬ್‌ನೇಲ್ ಉಳಿದಿರಬಹುದು, ಅದರ ಮೇಲೆ ರಾತ್ರಿ ಎರಡು ಗಂಟೆಯ ಸಮಯವೂ ಇರಬಹುದು.

ಕಂಪ್ಯೂಟರಿನಲ್ಲಿ ಇನ್ನೂ ಸರಳ. ಫೋಲ್ಡರ್ ತೆರೆದರೆ ಸಾಕು, ಪರದೆಯಲ್ಲಿ ಕಾಣುವ ಚಿತ್ರಗಳಿಗೆಲ್ಲ ಪ್ರತಿ ತಯಾರಾಗುತ್ತದೆ. ಯಾವುದನ್ನೂ ಡಬಲ್ ಕ್ಲಿಕ್ ಮಾಡಬೇಕಾಗಿಲ್ಲ. ಐಫೋನಿನಲ್ಲಿ ಐಕ್ಲೌಡ್, ಆಂಡ್ರಾಯ್ಡಿನಲ್ಲಿ ಗೂಗಲ್ ಫೋಟೋಸ್ ಬಳಸುವವರ ಫೋನಿನಲ್ಲಿ ಅದೇ ಖಾತೆಯ ಬೇರೊಂದು ಸಾಧನದಲ್ಲಿ ತೆಗೆದ ಫೋಟೊದ ಥಂಬ್‌ನೇಲ್ ಇರುತ್ತದೆ, ಮೂಲ ಫೋಟೊ ಈ ಫೋನಿಗೆ ಬಂದೇ ಇರುವುದಿಲ್ಲ. ಗಂಡ ಹೆಂಡತಿ ಒಂದೇ ಖಾತೆ ಬಳಸುವ ಮನೆಗಳು ನಮ್ಮಲ್ಲಿ ಕಡಿಮೆಯೇ?

ಥಂಬ್ಸ್ ಡಾಟ್ ಡಿಬಿಯಲ್ಲಿ ಇದಕ್ಕಿಂತ ವಿಚಿತ್ರ ಸಾಧ್ಯತೆ ಇದೆ. ಆ ಡಬ್ಬಿ ಇರುವುದು ಫೋಲ್ಡರಿನ ಒಳಗೇ ತಾನೆ? ಒಬ್ಬ ಗಿರಾಕಿ ಪ್ರಿಂಟ್ ಅಂಗಡಿಗೆ ಪೆನ್‌ಡ್ರೈವ್ ತಂದರು ಎಂದುಕೊಳ್ಳಿ. ಅದರ ಫೋಲ್ಡರಿನಲ್ಲಿ ಮೊದಲು ಬೇಡದ ಚಿತ್ರಗಳಿದ್ದವು, ಅವರು ಅವನ್ನು ಅಳಿಸಿ, ಆಧಾರ್ ಪ್ರತಿ ಮಾತ್ರ ಇಟ್ಟುಕೊಂಡು ಬಂದಿದ್ದರು. ಅಂಗಡಿಯ ಹುಡುಗ ಇಡೀ ಫೋಲ್ಡರನ್ನು ತನ್ನ ಕಂಪ್ಯೂಟರಿಗೆ ಕಾಪಿ ಮಾಡಿಕೊಂಡ. ಅಡಗಿದ್ದ ಡಬ್ಬಿಯೂ ಜೊತೆಗೇ ಬಂತು. ಈಗ ಅವನ ಕಂಪ್ಯೂಟರಿನಲ್ಲಿ, ಅಲ್ಲಿಗೆ ಎಂದೂ ಬಂದೇ ಇರದ ಚಿತ್ರಗಳ ಥಂಬ್‌ನೇಲ್‌ಗಳಿವೆ, ಹೆಸರು ಸಮೇತ, ದಿನಾಂಕ ಸಮೇತ. ತನಿಖೆ ಮಾಡುವವರು ಇದನ್ನು ಯೋಚಿಸದಿದ್ದರೆ ಆ ಹುಡುಗನ ಗತಿ?

ಥಂಬ್‌ನೇಲ್‌ಗಳು ಮತ್ತೆ ಮತ್ತೆ ಹುಟ್ಟುತ್ತವೆ ಎಂಬುದು ಇನ್ನೊಂದು. ಕ್ಯಾಶ್ ಕ್ಲಿಯರ್ ಮಾಡಿ ಗ್ಯಾಲರಿ ತೆರೆದರೆ ಹತ್ತು ವರ್ಷದ ಹಿಂದಿನ ಫೋಟೊಗೂ ಇವತ್ತಿನ ಸಮಯದ ಥಂಬ್‌ನೇಲ್ ಬರುತ್ತದೆ. ಇದರ ಗುರುತು ಅನುಭವಿ ಕಣ್ಣಿಗೆ ಬೇಗ ಸಿಗುತ್ತದೆ. ಒಂದೇ ನಿಮಿಷದಲ್ಲಿ ನೂರಾರು ಥಂಬ್‌ನೇಲ್ ಹುಟ್ಟಿದ್ದರೆ ಅದು ಮನುಷ್ಯ ಕೂತು ಒಂದೊಂದೇ ನೋಡಿದ್ದಲ್ಲ.

ಗಡಿಯಾರದ ತಂಟೆ

ಸಮಯವನ್ನು ಕಂಪ್ಯೂಟರು ನಮ್ಮಂತೆ ಬರೆಯುವುದಿಲ್ಲ, ಒಂದು ಆರಂಭದ ದಿನದಿಂದ ಎಣಿಸುತ್ತದೆ. ವಿಂಡೋಸಿನ ಎಣಿಕೆ ಶುರುವಾಗುವುದು 1601ರ ಜನವರಿ 1ರಿಂದ, ಆಂಡ್ರಾಯ್ಡ್ ಮತ್ತು ಲಿನಕ್ಸ್ 1970ರಿಂದ, ಆಪಲ್ ಹೆಚ್ಚಾಗಿ 2001ರಿಂದ. ಆಪಲ್ ಸಂಖ್ಯೆಯನ್ನು ಲಿನಕ್ಸ್ ಸಂಖ್ಯೆ ಎಂದು ಓದಿದರೆ 2024ರ ಫೋಟೊ 1993ಕ್ಕೆ ಹೋಗುತ್ತದೆ. ಇಂಥ ತಪ್ಪು ನಗು ತರಿಸುತ್ತದೆ, ಆದ್ದರಿಂದ ಯಾರಾದರೂ ಹಿಡಿಯುತ್ತಾರೆ. ಐದೂವರೆ ಗಂಟೆಯ ತಪ್ಪು ಹಾಗಲ್ಲ. ಅದು ನೋಡಲು ಸಹಜವಾಗಿಯೇ ಇರುತ್ತದೆ.

ಹೆಚ್ಚಿನ ಸಾಧನಗಳು ಸಮಯವನ್ನು ಯುಟಿಸಿ ಎಂಬ ಜಾಗತಿಕ ಸಮಯದಲ್ಲಿ ಇಟ್ಟುಕೊಳ್ಳುತ್ತವೆ. ಭಾರತದ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದೆ. ತಂತ್ರಾಂಶದ ವರದಿಯಲ್ಲಿ "ಆಗಸ್ಟ್ 14, 20:10" ಎಂದಿದ್ದರೆ ಅದು ನಮ್ಮ ಗಡಿಯಾರದಲ್ಲಿ ಆಗಸ್ಟ್ 15ರ ನಸುಕಿನ 1:40. ಗಂಟೆ ಮಾತ್ರವಲ್ಲ, ತಾರೀಖೇ ಬದಲಾಯಿತು. 14ರ ರಾತ್ರಿ ಎಂಟಕ್ಕೆ ನಾನು ಮದುವೆಮನೆಯ ಊಟದ ಪಂಕ್ತಿಯಲ್ಲಿದ್ದೆ ಎಂದು ಸಾಕ್ಷಿ ಸಮೇತ ಹೇಳುವವನು ನಿಜ ಹೇಳುತ್ತಿದ್ದರೂ, ಅದರಿಂದ ಅವನು ಪಾರಾಗುವುದಿಲ್ಲ. ನಸುಕಿನಲ್ಲಿ ಬಸ್ಸಿನಲ್ಲಿದ್ದವನ ಟಿಕೆಟ್ಟನ್ನು ಯಾರೂ ಕೇಳುವುದಿಲ್ಲ. ಎರಡೂ ಕಡೆ ಅನ್ಯಾಯ. ಇದರ ಮೇಲೆ, ಪೆನ್‌ಡ್ರೈವ್ ಮತ್ತು ಮೆಮೊರಿ ಕಾರ್ಡುಗಳಲ್ಲಿ ಬಳಕೆಯಲ್ಲಿರುವ ಹಳೆಯ ಫ್ಯಾಟ್ ಪದ್ಧತಿ ಯುಟಿಸಿ ಬಿಟ್ಟು ಸ್ಥಳೀಯ ಸಮಯವನ್ನೇ ಬರೆಯುತ್ತದೆ, ಅದೂ ಎರಡೆರಡು ಸೆಕೆಂಡಿನ ಲೆಕ್ಕದಲ್ಲಿ. ಫೋನಿನ ಡೇಟ್ ಅನ್ನು ಕೈಯಾರೆ ಬದಲಿಸಬಹುದು ಎಂಬುದು, ಗೇಮಿನಲ್ಲಿ ಲೈಫ್ ಗಳಿಸಲು ಅದನ್ನು ಮಾಡಿದ ಮಕ್ಕಳಿಗೆಲ್ಲ ಗೊತ್ತು.

ಒಂದು ಚಿಕ್ಕ ಪರೀಕ್ಷೆ ನೀವೇ ಮಾಡಿ. ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಕಳೆದ ವರ್ಷದ ಯಾವುದಾದರೂ ಫೋಟೊವನ್ನು ಬೇರೆ ಫೋಲ್ಡರಿಗೆ ಕಾಪಿ ಮಾಡಿ, ಹೊಸ ಪ್ರತಿಯ ಪ್ರಾಪರ್ಟೀಸ್ ತೆರೆಯಿರಿ. ನಾವು ನಮ್ಮ ಕಚೇರಿಯ ಕಾಫಿ ಲೋಟದ ಫೋಟೊದಲ್ಲಿ ಮಾಡಿದೆವು. 'ಕ್ರಿಯೇಟೆಡ್' ಎದುರು ಇವತ್ತಿನ ಸಮಯ, 'ಮಾಡಿಫೈಡ್' ಎದುರು ಕಳೆದ ವರ್ಷದ ಸಮಯ. ಹುಟ್ಟುವ ಮೊದಲೇ ತಿದ್ದಿದ ಫೈಲು! ಇದು ಮೋಸವೂ ಅಲ್ಲ, ವೈರಸ್ಸೂ ಅಲ್ಲ. ಕಾಪಿಯಾದ ಫೈಲಿನ ಸಹಜ ಲಕ್ಷಣ, ಅಷ್ಟೇ.

ಕೋರ್ಟುಗಳಲ್ಲಿ ಏನಾಗಿದೆ?

ಥಂಬ್‌ನೇಲಿನ ಹತ್ತಿರದ ಬಂಧು ಬ್ರೌಸರ್ ಕ್ಯಾಶ್. ಅಂದರೆ ನೀವು ತೆರೆದ ವೆಬ್ ಪುಟದ ಚಿತ್ರಗಳನ್ನು ಬ್ರೌಸರ್ ತಾನೇ ಉಳಿಸಿಕೊಳ್ಳುವ ಜಾಗ. ಮಕ್ಕಳ ಲೈಂಗಿಕ ಶೋಷಣೆಯ ಚಿತ್ರಗಳು ಇದರಲ್ಲಿ ಸಿಕ್ಕ ಪ್ರಕರಣಗಳಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯಗಳು ಈ ಪ್ರಶ್ನೆ ಎದುರಿಸಿದವು. 2006ರಲ್ಲಿ ಒಂಬತ್ತನೇ ಸರ್ಕಿಟ್ ನ್ಯಾಯಾಲಯ, ಇಂಥದೊಂದು ಕ್ಯಾಶ್ ಇದೆ ಎಂದೇ ಗೊತ್ತಿಲ್ಲದ, ಅದನ್ನು ತೆರೆಯಲೂ ಬಾರದ ವ್ಯಕ್ತಿಯ ಲೆಕ್ಕಕ್ಕೆ ಅದರೊಳಗಿನ ಚಿತ್ರಗಳನ್ನು ಸೇರಿಸಬಾರದು ಎಂದಿತು. ಅವನು ಬೇಕೆಂದೇ ಡೌನ್‌ಲೋಡ್ ಮಾಡಿದ್ದ ಬೇರೆ ಚಿತ್ರಗಳಿಗೆ ಶಿಕ್ಷೆ ತಪ್ಪಲಿಲ್ಲ. 2011ರಲ್ಲಿ ಹತ್ತನೇ ಸರ್ಕಿಟ್ ನ್ಯಾಯಾಲಯ, ಕ್ಯಾಶಿನಲ್ಲಿದ್ದ ಚಿತ್ರಗಳನ್ನು ಆರೋಪಿ ನೋಡಿದ್ದಕ್ಕೆ ಪುರಾವೆ ಇಲ್ಲವೆಂದು ಶಿಕ್ಷೆಯನ್ನೇ ರದ್ದುಮಾಡಿತು.

ತಂತ್ರಾಂಶ ತೋರಿಸಿದ್ದೆಲ್ಲ ವೇದವಾಕ್ಯ ಎಂದುಕೊಳ್ಳುವುದರ ಅಪಾಯಕ್ಕೆ ಹೆಸರುವಾಸಿ ಉದಾಹರಣೆ, ಅದೇ 2011ರಲ್ಲಿ ಫ್ಲಾರಿಡಾದಲ್ಲಿ ನಡೆದ ಕೇಸಿ ಆಂಥನಿ ವಿಚಾರಣೆ. ಇದು ಥಂಬ್‌ನೇಲ್ ಅಲ್ಲ, ಬ್ರೌಸರ್ ಇತಿಹಾಸದ ಸಂಗತಿ. ಮನೆಯ ಕಂಪ್ಯೂಟರಿನಿಂದ ಕ್ಲೋರೋಫಾರ್ಮ್ ಕುರಿತ ಪುಟವನ್ನು 84 ಬಾರಿ ನೋಡಲಾಗಿದೆ ಎಂದು ಕೋರ್ಟಿಗೆ ಹೇಳಲಾಯಿತು. ಆಮೇಲೆ ಆ ತಂತ್ರಾಂಶ ತಯಾರಿಸಿದವರೇ ಮರುಪರಿಶೀಲಿಸಿ, ಆ ಪುಟ ತೆರೆದದ್ದು ಒಂದೇ ಸಲ, 84 ಎಂಬುದು ಮೈಸ್ಪೇಸ್ ಜಾಲತಾಣಕ್ಕೆ ಸೇರಿದ ಎಣಿಕೆ ಎಂದು ಒಪ್ಪಿಕೊಂಡರು. ಒಂದು ಸಾಲಿನ ಸಂಖ್ಯೆ ಇನ್ನೊಂದು ಸಾಲಿಗೆ ಅಂಟಿಕೊಂಡಿತ್ತು. ಕೊಲೆ ಆರೋಪದ ವಿಚಾರಣೆಯಲ್ಲಿ!

ನಮ್ಮ ದೇಶಕ್ಕೆ ಬಂದರೆ, 2024ರ ಸೆಪ್ಟೆಂಬರ್ 23ರ ಸುಪ್ರೀಂ ಕೋರ್ಟ್ ತೀರ್ಪನ್ನು ಎಲ್ಲ ಫೋನ್ ಬಳಕೆದಾರರೂ ತಿಳಿದಿರಬೇಕು. ಜಸ್ಟ್ ರೈಟ್ಸ್ ಫಾರ್ ಚಿಲ್ಡ್ರನ್ ಅಲಯನ್ಸ್ ಪ್ರಕರಣದಲ್ಲಿ ಮದ್ರಾಸ್ ಹೈಕೋರ್ಟಿನ ಆದೇಶವನ್ನು ಬದಿಗೊತ್ತಿದ ನ್ಯಾಯಾಲಯ, ಮಕ್ಕಳ ಲೈಂಗಿಕ ಶೋಷಣೆಯ ಚಿತ್ರಗಳನ್ನು ಅಳಿಸದೆ, ವರದಿ ಮಾಡದೆ ಇಟ್ಟುಕೊಳ್ಳುವುದು ಪೋಕ್ಸೊ ಕಾಯ್ದೆಯ 15ನೇ ಸೆಕ್ಷನ್ ಅಡಿ ಅಪರಾಧವಾಗಬಹುದು ಎಂದಿತು. ಹಂಚುವ ಉದ್ದೇಶವಿತ್ತೇ ಎಂಬುದನ್ನು ಸಂದರ್ಭದಿಂದಲೇ ಅಳೆಯಬಹುದು ಎಂದೂ ಹೇಳಿತು. ಹೀಗಿರುವಾಗ ಯಾವಾಗ ಬಂತು, ಯಾವಾಗ ತೆರೆದರು, ಯಾವಾಗ ಅಳಿಸಿದರು ಎಂಬ ಸಮಯಗಳೇ ಒಬ್ಬರ ಭವಿಷ್ಯ ತೀರ್ಮಾನಿಸುತ್ತವೆ. ಆದ್ದರಿಂದಲೇ ಸಮಯ ಓದುವವರ ಹೊಣೆ ದೊಡ್ಡದು. ಗ್ರೂಪಿನಲ್ಲಿ ಅಂಥ ಚಿತ್ರ ಬಂದರೆ "ನೋಡಿ ಎಂಥ ಜನ" ಎಂದು ಖಂಡಿಸುವುದಕ್ಕೂ ಮುಂದಕ್ಕೆ ಕಳಿಸಬೇಡಿ. ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ತಾಣದಲ್ಲಿ ದೂರು ಕೊಡಿ. ಅಲ್ಲಿ ಹೆಸರು ಹೇಳದೆಯೂ ಇಂಥ ದೂರು ದಾಖಲಿಸಬಹುದು.

ಪರಿಣತರು ಹೇಗೆ ಓದುತ್ತಾರೆ?

ಒಳ್ಳೆಯ ಪರಿಣತರು ಥಂಬ್‌ನೇಲ್ ಒಂದನ್ನೇ ಹಿಡಿದು ತೀರ್ಪು ಹೇಳುವುದಿಲ್ಲ. "ಈ ಚಿತ್ರ ಒಂದು ಕಾಲಕ್ಕೆ ಈ ಸಾಧನದ ಕೈಗೆಟುಕಿತ್ತು" ಎಂಬಲ್ಲಿಗೆ ಅದರ ಸಾಕ್ಷ್ಯ ಬಹುತೇಕ ಮುಗಿಯುತ್ತದೆ. ಮುಂದೆ ಬೇರೆ ಸಾಕ್ಷಿಗಳನ್ನು ಕರೆಯಬೇಕು. ವಿಂಡೋಸಿನಲ್ಲಿ ಇತ್ತೀಚೆಗೆ ತೆರೆದ ಫೈಲುಗಳ ಶಾರ್ಟ್‌ಕಟ್‌ಗಳು ತಾವಾಗಿ ಉಳಿಯುತ್ತವೆ. ಅವು ಫೈಲನ್ನು ನಿಜಕ್ಕೂ ತೆರೆದದ್ದನ್ನು ಸೂಚಿಸುತ್ತವೆ. ಡ್ರೈವಿನ ಸೂಚಿಯಲ್ಲಿ ಅಳಿಸಿದ ಫೈಲಿನ ಹೆಸರು, ಸಮಯ ಸಿಗಬಹುದು. ಫೋನಿನಲ್ಲಿ ವಾಟ್ಸಾಪಿನ ಸಂದೇಶಗಳ ದತ್ತಾಂಶದಿಂದ ಯಾರು, ಎಷ್ಟು ಗಂಟೆಗೆ ಕಳಿಸಿದರು ಎಂಬುದು ಗೊತ್ತಾಗುತ್ತದೆ. ಫೋಟೊದ ಹೆಸರು 'ಐಎಂಜಿ-20240115-ಡಬ್ಲ್ಯೂಎ0003' ಎಂದಿದ್ದರೆ ಅದು 2024ರ ಜನವರಿ 15ರಂದು ವಾಟ್ಸಾಪಿನಲ್ಲಿ ಬಂದದ್ದೋ ಹೋದದ್ದೋ ಇರಬಹುದು, ಅವತ್ತೇ ತೆಗೆದದ್ದು ಎಂದಲ್ಲ. ಹೆಸರನ್ನು ಯಾರು ಬೇಕಾದರೂ ಬದಲಿಸಬಹುದು, ಅದು ಬೇರೆ ಮಾತು. ಇವೆಲ್ಲ ಒಂದೇ ಕಥೆ ಹೇಳಿದರೆ ಕಥೆ ಗಟ್ಟಿ. ಒಂದು ಮಾತ್ರ ಬೇರೆ ಹೇಳಿದರೆ ಯಾಕೆಂದು ಕೆದಕಬೇಕು.

ಅವರು ಮೂಲ ಸಾಧನದ ಮೇಲೆ ನೇರವಾಗಿ ಕೆಲಸ ಮಾಡುವುದನ್ನೂ ಆದಷ್ಟು ತಪ್ಪಿಸುತ್ತಾರೆ. ಬರೆಯಲು ಬಿಡದ ಉಪಕರಣ ಜೋಡಿಸಿ ಡ್ರೈವಿನ ಪೂರ್ತಿ ನಕಲು ತೆಗೆದು, ಹ್ಯಾಶ್ ಎಂಬ ಬೆರಳಚ್ಚಿನಂಥ ಸಂಖ್ಯೆ ಬರೆದಿಟ್ಟುಕೊಂಡು, ನಕಲಿನ ಮೇಲೆ ತಡಕುತ್ತಾರೆ. ಕಾರಣ ನಿಮಗೀಗ ಗೊತ್ತು. ವಶಪಡಿಸಿಕೊಂಡ ಫೋನನ್ನು ಸ್ಟೇಷನ್ನಿನಲ್ಲಿ ಯಾರಾದರೂ ಕುತೂಹಲಕ್ಕೆ ತೆರೆದು ಗ್ಯಾಲರಿಯಲ್ಲಿ ಬೆರಳಾಡಿಸಿದರೆ ಅಷ್ಟೇ ಸಾಕು, ಹೊಸ ಥಂಬ್‌ನೇಲ್‌ಗಳು ಹುಟ್ಟುತ್ತವೆ, ಫೋನು ವಶಕ್ಕೆ ಬಂದ ನಂತರದ ಸಮಯದೊಂದಿಗೆ. ಲ್ಯಾಪ್‌ಟಾಪ್ ಆನ್ ಮಾಡಿ ಫೋಲ್ಡರ್ ತೆರೆದರೂ ಅದೇ. ಹಾಗಾಗಿ ವಕೀಲರು ಮೊದಲು ಹೋಲಿಸಬೇಕಾದದ್ದು ಪಂಚನಾಮೆಯಲ್ಲಿರುವ ವಶದ ಸಮಯವನ್ನು ಮತ್ತು ವರದಿಯಲ್ಲಿರುವ ಥಂಬ್‌ನೇಲ್ ಸಮಯಗಳನ್ನು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಡಿಜಿಟಲ್ ಸಾಕ್ಷ್ಯದ ಜೊತೆ ಕೊಡುವ ಪ್ರಮಾಣಪತ್ರದಲ್ಲಿ ಹ್ಯಾಶ್ ಸಂಖ್ಯೆ ನಮೂದಿಸಬೇಕು, ಪರಿಣತರ ಸಹಿಯ ಭಾಗವೂ ಅದರಲ್ಲಿದೆ. ಹ್ಯಾಶ್ ತಾಳೆಯಾದರೆ ನಕಲು ಮಾಡಿದ ಮೇಲೆ ಯಾರೂ ತಿದ್ದಿಲ್ಲ ಎಂದು ಗೊತ್ತಾಗುತ್ತದೆ. ನಕಲು ಮಾಡುವ ಮೊದಲು ಯಾರು ಬೆರಳಾಡಿಸಿದರು ಎಂಬುದನ್ನು ಹ್ಯಾಶ್ ಹೇಳುವುದಿಲ್ಲ.

ಮನೆಯ, ಆಫೀಸಿನ, ಗ್ರೂಪಿನ ಜಗಳಗಳಲ್ಲಿ ಗ್ಯಾಲರಿ ಡೀಟೇಲ್ಸಿನ ಸ್ಕ್ರೀನ್‌ಶಾಟ್ ಹಿಡಿದು "ಇಗೋ ಪುರಾವೆ" ಎನ್ನುವುದು ಈಗ ಮಾಮೂಲು. ಅಂಥದ್ದು ನಿಮ್ಮ ಮುಂದೆ ಬಂದರೆ, ಈ ಸಮಯ ಯಾವುದರ ಸಮಯ ಎಂದು ಕೇಳಿ. ತೆಗೆದದ್ದೋ, ಬಂದದ್ದೋ, ಕಾಪಿಯಾದದ್ದೋ? ಫೋಟೊ ವಾಟ್ಸಾಪಿನಲ್ಲಿ ಬಂದದ್ದಾದರೆ ತೆಗೆದ ಸಮಯ ಅದರಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಜೊತೆಗೆ ವಾಟ್ಸಾಪ್ ಸೆಟ್ಟಿಂಗ್ಸಿನ 'ಸ್ಟೋರೇಜ್ ಅಂಡ್ ಡೇಟಾ'ಕ್ಕೆ ಹೋಗಿ ಫೋಟೊಗಳು ತಾವೇ ಡೌನ್‌ಲೋಡ್ ಆಗುವುದನ್ನು ನಿಲ್ಲಿಸಿ. ಚಾಟ್ ಸೆಟ್ಟಿಂಗ್ಸಿನಲ್ಲಿ ಮೀಡಿಯಾ ಗ್ಯಾಲರಿಯಲ್ಲಿ ಕಾಣಿಸುವುದನ್ನೂ ಆಫ್ ಮಾಡಬಹುದು.

ಅಂದಹಾಗೆ ದೊಡ್ಡಮ್ಮನ ಮನೆಯ ಜಗಳ ಮುಗಿದದ್ದು ಹಳೆಯ ಫೋನಿನಿಂದ. ಅದನ್ನು ಚಾರ್ಜಿಗೆ ಹಾಕಿ, ಟ್ರಿಪ್ಪಿನ ಗ್ರೂಪ್ ಹುಡುಕಿ, ಮೂರು ವರ್ಷದ ಹಿಂದಿನ ಆ ಮೆಸೇಜನ್ನೇ ತೋರಿಸಿದ ಮೇಲೆ "ನಿನ್ನೆ ರಾತ್ರಿ" ಎಂಬ ಆರೋಪ ಬಿದ್ದುಹೋಯಿತು. ಸಿಗರೇಟಿನ ಆರೋಪ ಹಾಗೇ ಉಳಿದಿದೆ.